ನಾಲ್ಕರ ಮೇಲೆ ಮೂರು, ಮೂರರ ಮೇಲೆ ಐದು: ಸ್ಟೆಪ್ ಸೀಕ್ವೆನ್ಸರ್‌ನಲ್ಲಿ ಎರಡು ಲಯ ಕೂಡಿಸುವುದು ಹೇಗೆ

ಸ್ಟೆಪ್ ಸೀಕ್ವೆನ್ಸರ್ ಎಂದರೆ ಬಟನ್ ಸಾಲಿನಲ್ಲಿ ಏಟುಗಳನ್ನು ಗುರುತು ಮಾಡಿಟ್ಟರೆ ಅದನ್ನೇ ಸುತ್ತು ಸುತ್ತಾಗಿ ಬಾರಿಸುವ ಯಂತ್ರ; ಒಂದೊಂದು ಬಟನ್ ಒಂದು ಸ್ಟೆಪ್. ಹೊಸದಾಗಿ ಅದನ್ನು ತಂದವರು ಮೊದಲು ಮಾಡುವುದು ಹೆಚ್ಚೂಕಡಿಮೆ ಒಂದೇ. 1, 5, 9, 13ಕ್ಕೆ ಕಿಕ್ (ದಪ್ಪ ಡ್ರಮ್ಮಿನ ಏಟು). 5 ಮತ್ತು 13ಕ್ಕೆ ಸ್ನೇರ್. ಒಂದು ಬಿಟ್ಟು ಒಂದಕ್ಕೆ ಹೈಹ್ಯಾಟ್. ಚೆನ್ನಾಗಿಯೇ ಕೇಳುತ್ತದೆ. ಆದರೆ ಎಲ್ಲವೂ ನಾಲ್ಕರ ಲೆಕ್ಕ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808ರ ಕಾಲದಿಂದ 16 ಬಟನ್‌ಗಳ ಸಾಲು ರೂಢಿಯಾಗಿಬಿಟ್ಟಿದೆ. ಕಣ್ಣಿಗೆ ಕಾಣುವುದೇ ನಾಲ್ಕು ನಾಲ್ಕರ ಗುಂಪು, ಕೈಯೂ ಅಲ್ಲಿಗೇ ಹೋಗುತ್ತದೆ.

ನಮ್ಮ ರಾಯಚೂರು ಸೀಮೆಯ ಕಿವಿಗೆ ಅಷ್ಟೇ ಸಾಲದು. ಮುದಗಲ್ಲಿನ ಮೊಹರಂನಲ್ಲಿ ಹಲಗೆಯವರ ಪಕ್ಕ ನಿಂತು ನೋಡಿ. ಒಬ್ಬರು ಲಯ ಬಿಡದೆ ಹಿಡಿದಿರುತ್ತಾರೆ. ಇನ್ನೊಬ್ಬರು ಅದರ ಮೇಲೆ ಬೇರೆ ಲೆಕ್ಕ ಹಾಕಿ ಹೋಗಿ, ಸರಿಯಾಗಿ ಸಮಕ್ಕೆ, ಅಂದರೆ ಸುತ್ತು ಶುರುವಾಗುವ ಏಟಿಗೆ, ಬಂದು ಕೂಡುತ್ತಾರೆ. ಇದನ್ನು ಯಂತ್ರದಲ್ಲಿ ಕೂರಿಸಲು ಬರುತ್ತದೆ. ಕಷ್ಟವೇನಿಲ್ಲ, ಲೆಕ್ಕ ಗೊತ್ತಿರಬೇಕು. ಅದಕ್ಕಿಂತ ಮುಖ್ಯವಾಗಿ, ಬಟನ್ ಒತ್ತುವ ಮೊದಲೇ ಎರಡು ವಿಷಯ ತೀರ್ಮಾನವಾಗಿರಬೇಕು: ನೆಲ ಹಿಡಿಯುವ ಲಯ ಯಾವುದು, ಎರಡೂ ಕೂಡುವ ಸಮ ಎಲ್ಲಿ? ಈ ಎರಡಕ್ಕೆ ಉತ್ತರ ಇಲ್ಲದೆ ಸುಮ್ನೆ ಸ್ಟೆಪ್ ಒತ್ತುತ್ತಾ ಹೋದರೆ ಸಿಗುವುದು ಗದ್ದಲ.

ಎರಡು ಬೇರೆ ಕೆಲಸ

ಪಾಲಿರಿದಮ್ ಎಂದರೆ ಒಂದೇ ಅವಧಿಯನ್ನು ಎರಡು ಬಗೆಯಲ್ಲಿ ಸಮನಾಗಿ ಹಂಚುವುದು. ಒಂದು ಸುತ್ತಿನಲ್ಲಿ ಕಿಕ್ 4 ಸಲ, ಅದೇ ಸುತ್ತಿನಲ್ಲಿ ರಿಮ್ (ಡ್ರಮ್ಮಿನ ಅಂಚಿನ ಏಟು) 3 ಸಲ. ಪ್ರತಿ ಸುತ್ತಿನ ಶುರುವಿನಲ್ಲೂ ಇಬ್ಬರೂ ಕೂಡುತ್ತಾರೆ.

ಪಾಲಿಮೀಟರ್‌ನಲ್ಲಿ ಸ್ಟೆಪ್ಪಿನ ಅಳತೆ ಒಂದೇ, ಸುತ್ತಿನ ಉದ್ದ ಬೇರೆ. ಒಂದು ಟ್ರ್ಯಾಕ್ (ಒಂದು ಸದ್ದಿನ ಸಾಲು) 16 ಸ್ಟೆಪ್ಪಿಗೆ ತಿರುಗುತ್ತದೆ, ಇನ್ನೊಂದು 12ಕ್ಕೆ. ಎರಡೂ ಸ್ವಲ್ಪ ಸ್ವಲ್ಪ ಸರಿಯುತ್ತಾ ಹೋಗಿ, ಬಹಳ ಹೊತ್ತಿನ ಮೇಲೆ ಸಮಕ್ಕೆ ಬರುತ್ತವೆ.

ಯಂತ್ರಗಳ ಕೈಪಿಡಿಗಳಲ್ಲಿ ಇವೆರಡನ್ನೂ ಬೆರೆಸಿ ಹೇಳುವುದುಂಟು. ಆರ್ಟೂರಿಯಾ ಡ್ರಮ್‌ಬ್ರೂಟ್‌ನಲ್ಲಿ ಪಾಲಿರಿದಮ್ ಎಂಬ ಹೆಸರಿನಲ್ಲಿ ಇರುವುದು ಟ್ರ್ಯಾಕಿಗೊಂದು ಉದ್ದ ಕೊಡುವ ಸೌಲಭ್ಯ, ಅಂದರೆ ಪಾಲಿಮೀಟರ್. ಹೆಸರಿಗಿಂತ ಯಂತ್ರ ಏನು ಮಾಡುತ್ತದೆ ಅನ್ನುವುದನ್ನು ನೋಡಿಕೊಳ್ಳಿ.

ಮೊದಲು ಬಾಯಿ, ಆಮೇಲೆ ಬಟನ್

ಯಂತ್ರ ಆಫ್ ಇರಲಿ. ಎಡಗೈಯಿಂದ ತೊಡೆಯ ಮೇಲೆ ನಿಧಾನಕ್ಕೆ ತಾಳ ಹಾಕಿ. ಒಂದೊಂದು ಏಟಿಗೂ ಬಾಯಲ್ಲಿ ‘ತಕಿಟ’ ಅನ್ನಿ. ನಾಲ್ಕು ಏಟು, ನಾಲ್ಕು ತಕಿಟ, ಒಟ್ಟು 12 ಅಕ್ಷರ. ಇದು ಪಕ್ಕಾ ಆದ ಮೇಲೆ ಅದೇ 12 ಅಕ್ಷರಗಳನ್ನು ‘ತಕಧಿಮಿ ತಕಧಿಮಿ ತಕಧಿಮಿ’ ಎಂದು ಹೇಳಿ. ಅಕ್ಷರದ ವೇಗ ಬದಲಾಗಬಾರದು, ಎಡಗೈ ಮಾತ್ರ ಮೂರು ಅಕ್ಷರಕ್ಕೊಂದು ಏಟನ್ನು ಬಿಡಬಾರದು. ಆಗ ಎರಡನೇ ‘ತ’ ಎಡಗೈಯ ಎರಡನೇ ಏಟು ಮುಗಿದ ತಕ್ಷಣ ಬರುತ್ತದೆ. ಮೂರನೇ ‘ತ’ ನಾಲ್ಕನೇ ಏಟಿಗೆ ಸ್ವಲ್ಪ ಮುಂಚೆ ಬೀಳುತ್ತದೆ.

ಇದಕ್ಕೆ ಒಂದು ಸಂಜೆ ಹೋದರೂ ಚಿಂತೆಯಿಲ್ಲ. ತಬಲಾ, ಮೃದಂಗ ಕಲಿತವರಿಗೆ ತಿಶ್ರ, ಚತುರಶ್ರ ಅಂದರೆ ಸಾಕು. ಕಲಿಯದವರೂ ಇದನ್ನು ಬಿಡಬೇಡಿ. ಬಾಯಿಗೆ ಬಾರದ ಲಯ ಸ್ಪೀಕರಿನಿಂದ ಬಂದಾಗ ಸರಿಯೋ ತಪ್ಪೋ ಗುರುತಿಸುವುದು ಕಷ್ಟ.

ನಾಲ್ಕರ ಮೇಲೆ ಮೂರು: 12 ಸ್ಟೆಪ್

ಈಗ ಯಂತ್ರ ಆನ್ ಮಾಡಿ. ಹೊಸ ಪ್ಯಾಟರ್ನ್ (ಒಂದು ಸುತ್ತಿನ ಏಟುಗಳ ಜೋಡಣೆ) ತೆಗೆದುಕೊಳ್ಳಿ. ಸ್ವಿಂಗ್ ಇದ್ದರೆ ಪೂರ್ತಿ ತೆಗೆದುಬಿಡಿ; ಕೆಲವು ಯಂತ್ರಗಳಲ್ಲಿ 50 ಅಂದರೆ ಸ್ವಿಂಗ್ ಇಲ್ಲ ಎಂದರ್ಥ. ಸ್ವಿಂಗ್ ಒಂದು ಬಿಟ್ಟು ಒಂದು ಸ್ಟೆಪ್ಪನ್ನು ತಡ ಮಾಡುತ್ತದೆ. ಮೂರರ, ಐದರ ಲೆಕ್ಕದಲ್ಲಿ ಅದು ಎಲ್ಲೆಲ್ಲೋ ಬಿದ್ದು ಹಂಚಿಕೆಯನ್ನೇ ಕೆಡಿಸುತ್ತದೆ.

ಪ್ಯಾಟರ್ನಿನ ಉದ್ದವನ್ನು 12ಕ್ಕೆ ಇಳಿಸಿ. ಕಿಕ್ಕನ್ನು 1, 4, 7, 10ಕ್ಕೆ ಹಾಕಿ. ರಿಮ್ ಅಥವಾ ಕ್ಲೇವ್ಸ್ ಥರದ ತೆಳು ಸದ್ದನ್ನು 1, 5, 9ಕ್ಕೆ ಹಾಕಿ.

ಕಿಕ್: ● – – ● – – ● – – ● – –
ರಿಮ್: ● – – – ● – – – ● – – –

ಪ್ಲೇ ಒತ್ತಿ. ಕೂಡಿ ಕೇಳುವುದು ಆರು ಏಟು: 1, 4, 5, 7, 9, 10. ಒಂದು ಏಟಿನಿಂದ ಮುಂದಿನದಕ್ಕೆ ಎಷ್ಟು ಸ್ಟೆಪ್ ಅಂತ ನೋಡಿದರೆ 3, 1, 2, 2, 1, 3. ಈ ಸಾಲನ್ನು ಹಿಂದಿನಿಂದ ಓದಿ. ಅದೇ ಬರುತ್ತದೆ ಅಲ್ವಾ? ಸಮದಿಂದ ಶುರುವಾಗುವ ಇಂಥ ಜೋಡಿಗಳೆಲ್ಲಕ್ಕೂ ಈ ಗುಣ ಇದೆ. ಅದರಿಂದ ತಪ್ಪು ಹಿಡಿಯುವುದು ಬಹಳ ಸುಲಭ. ಅಂತರಗಳನ್ನು ಬರೆದುಕೊಳ್ಳಿ. ಹಿಂದೆ ಮುಂದೆ ಒಂದೇ ಬರದಿದ್ದರೆ ಯಾವುದೋ ಬಟನ್ ಪಕ್ಕದ್ದು ಒತ್ತಿದ್ದೀರಿ.

ಟೆಂಪೊದಲ್ಲಿ ಒಂದು ಸಿಕ್ಕು ಇದೆ. ಯಂತ್ರದ ಲೆಕ್ಕದಲ್ಲಿ ನಾಲ್ಕು ಸ್ಟೆಪ್ಪಿಗೆ ಒಂದು ಬೀಟ್. ನಾವು ಮೂರು ಸ್ಟೆಪ್ಪಿಗೆ ಒಂದು ಕಿಕ್ ಹಾಕಿದ್ದೇವೆ. ಹಾಗಾಗಿ ಪರದೆ 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ತೋರಿಸುತ್ತಿದ್ದರೂ ಕಾಲು ತಟ್ಟುವುದು 120ಕ್ಕೆ. ನಿಮಗೆ ಬೇಕಾದ ವೇಗವನ್ನು ಒಂದು ಕಿಕ್ಕಿಗೆ ಬರುವ ಸ್ಟೆಪ್ಪುಗಳಿಂದ ಗುಣಿಸಿ 4ರಿಂದ ಭಾಗಿಸಿ, ಬಂದದ್ದನ್ನು ಯಂತ್ರಕ್ಕೆ ಕೊಡಿ. ಕಿವಿಗೆ 90 ಬೇಕಾದರೆ ಇಲ್ಲಿ 67.5 ಬಿಪಿಎಂ. ಐದು ಸ್ಟೆಪ್ಪಿಗೊಂದು ಕಿಕ್ ಆದರೆ 112.5. ಏಳಕ್ಕೊಂದಾದರೆ 157.5.

ಪ್ಯಾಟರ್ನ್ ಓಡುತ್ತಿರುವಾಗಲೇ ಕಿಕ್ಕಿನ ಸದ್ದು ಕಡಿಮೆ ಮಾಡಿ ರಿಮ್ ಜೊತೆ ಕಾಲು ತಟ್ಟಿ. ಆಮೇಲೆ ರಿಮ್ ಇಳಿಸಿ ಕಿಕ್ ಜೊತೆ ತಟ್ಟಿ. ಒಂದೇ ಪ್ಯಾಟರ್ನ್, ಆದರೆ ನೆಲ ಬದಲಾದ ಹಾಗೆ ಕೇಳುತ್ತದೆ. ಯಾವುದು ಗಟ್ಟಿಯಾಗಿ ಕೇಳುತ್ತದೋ ಅದನ್ನೇ ಕಿವಿ ತಾಳ ಎಂದು ಹಿಡಿಯುತ್ತದೆ. ನೆಲ ಹಿಡಿಯುವ ಲಯ ಯಾವುದು ಎಂದು ಮೊದಲೇ ತೀರ್ಮಾನಿಸಲು ಹೇಳಿದ್ದು ಇದಕ್ಕೇ.

ಮೂರರ ಮೇಲೆ ಐದು, ನಾಲ್ಕರ ಮೇಲೆ ಐದು

16 ಸ್ಟೆಪ್ಪಿನ ಸಣ್ಣ ಪೆಟ್ಟಿಗೆಯಲ್ಲೂ ಹಿಡಿಸುವ ಜೋಡಿ ಮೂರು-ಐದು. ಉದ್ದ 15 ಮಾಡಿ. ಕಿಕ್ 1, 6, 11. ರಿಮ್ 1, 4, 7, 10, 13.

ಕಿಕ್: ● – – – – ● – – – – ● – – – –
ರಿಮ್: ● – – ● – – ● – – ● – – ● – –

ಅಂತರಗಳು 3, 2, 1, 3, 1, 2, 3. ನನಗೆ ಈ ಜೋಡಿ ಎಲ್ಲಕ್ಕಿಂತ ಜಾಸ್ತಿ ಇಷ್ಟ. ನಾಲ್ಕರ ಮೇಲಿನ ಮೂರನ್ನು ಎಲ್ಲರೂ ಎಲ್ಲೋ ಕೇಳಿರುತ್ತಾರೆ. ಇದು ಹಾಗಲ್ಲ. ಆದರೂ ಮೂರರ ತೂಗಾಟ ಇರುವುದರಿಂದ ಕಾಲು ತಪ್ಪುವುದಿಲ್ಲ. ನಿಧಾನ ಟೆಂಪೊದಲ್ಲಿ, ಬಾಸ್ ಸಿಂಥನ್ನು ಮೂರಕ್ಕೆ, ತೆಳುವಾದ ಮೇಲಿನ ಸ್ವರವನ್ನು ಐದಕ್ಕೆ ಹಾಕಿ ನೋಡಿ. ಡ್ರಮ್ಮೇ ಬೇಡ ಅನಿಸುತ್ತದೆ.

ನಾಲ್ಕರ ಮೇಲೆ ಐದಕ್ಕೆ 20 ಸ್ಟೆಪ್ ಬೇಕು. ಯಂತ್ರಕ್ಕೆ ಎರಡನೇ ಪೇಜ್ ಇರಬೇಕು. ಕಿಕ್ 1, 6, 11, 16. ರಿಮ್ 1, 5, 9, 13, 17. ಹದಿನೇಳನೆಯದು ಎರಡನೇ ಪೇಜಿನ ಮೊದಲ ಬಟನ್. ಅಂತರಗಳು 4, 1, 3, 2, 2, 3, 1, 4. ನಾಲ್ಕರ ಮೇಲೆ ಏಳಕ್ಕೆ 28 ಸ್ಟೆಪ್: ಕಿಕ್ 1, 8, 15, 22, ರಿಮ್ 1, 5, 9, 13, 17, 21, 25. ನೋವೇಷನ್ ಸರ್ಕಿಟ್ ಟ್ರ್ಯಾಕ್ಸ್‌ನಂತೆ 32 ಸ್ಟೆಪ್ ಇರುವ ಯಂತ್ರದಲ್ಲಿ ಇದು ಆರಾಮಾಗಿ ಕೂರುತ್ತದೆ.

ಉಳಿದ ಜೋಡಿಗಳನ್ನು ನೀವೇ ಮಾಡಿಕೊಳ್ಳಬಹುದು. ಎರಡು ಸಂಖ್ಯೆಗಳ ಲಸಾಅ (ಎರಡರಿಂದಲೂ ಭಾಗವಾಗುವ ಅತಿ ಸಣ್ಣ ಸಂಖ್ಯೆ) ತೆಗೆದರೆ ಸ್ಟೆಪ್ಪುಗಳ ಉದ್ದ ಸಿಗುತ್ತದೆ. ಆ ಉದ್ದವನ್ನು ಒಂದೊಂದು ಸಂಖ್ಯೆಯಿಂದ ಭಾಗಿಸಿದರೆ ಆಯಾ ಲಯದ ಅಂತರ. ಶಾಲೆಯಲ್ಲಿ ಕಲಿತ ಲೆಕ್ಕವೇ.

ಉದ್ದ ಬದಲಾಯಿಸದೆ ಮಾಡುವ ದಾರಿ

ಮೇಲಿನ ವಿಧಾನ ಪ್ಯಾಟರ್ನಿನ ಉದ್ದ ಬದಲಾಯಿಸಲು ಬರುವ ಯಾವ ಯಂತ್ರದಲ್ಲಾದರೂ ನಡೆಯುತ್ತದೆ. ಆದರೆ ಹಾಡಿನ ಒಂದು ಭಾಗ ಮಾಮೂಲಿ 16ರಲ್ಲಿ ಇದ್ದು, ಇನ್ನೊಂದು ಭಾಗ 12ರಲ್ಲಿ ಇದ್ದರೆ ಪ್ರತಿ ಸಲ ಟೆಂಪೊ ಬದಲಾಯಿಸಬೇಕಾಗುತ್ತದೆ. ಟೆಂಪೊ ಬದಲಾದರೆ ಅದಕ್ಕೆ ಕಟ್ಟಿಕೊಂಡ ಡಿಲೇ (ಮರುದನಿ) ಮತ್ತು ಆರ್ಪೆಜಿಯೇಟರ್ (ಸ್ವರಗಳನ್ನು ಒಂದೊಂದಾಗಿ ನುಡಿಸುವ ಸೌಲಭ್ಯ) ಕೂಡ ಬದಲಾಗುತ್ತವೆ. ಅದಕ್ಕೇ ಟ್ರ್ಯಾಕಿನ ವೇಗ ಬದಲಾಯಿಸಲು ಬರುತ್ತದೆಯೇ ಅಂತ ಮೊದಲು ನೋಡಿ.

ಎಲೆಕ್ಟ್ರಾನ್ ಡಿಜಿಟ್ಯಾಕ್ಟ್‌ನಲ್ಲಿ ಪ್ರತಿ ಟ್ರ್ಯಾಕಿಗೂ ಬೇರೆ ಉದ್ದ, ಬೇರೆ ವೇಗ ಕೊಡಬಹುದು. ವೇಗದ ಆಯ್ಕೆಗಳಲ್ಲಿ 3/4 ಪಟ್ಟು ಮತ್ತು 3/2 ಪಟ್ಟು ಎಂಬ ಎರಡು ಇವೆ. ನಮಗೆ ಬೇಕಾದ್ದು ಇವೇ. ಕಿಕ್ ಟ್ರ್ಯಾಕ್ ಮಾಮೂಲಿ ವೇಗದಲ್ಲಿ 16 ಸ್ಟೆಪ್ ಇರಲಿ, 1, 5, 9, 13ಕ್ಕೆ ಏಟು. ರಿಮ್ ಟ್ರ್ಯಾಕಿಗೆ ಉದ್ದ 12, ವೇಗ 3/4. ಏಟು 1, 5, 9. ಎರಡೂ ಒಂದೇ ಹೊತ್ತಿಗೆ ಸುತ್ತು ಮುಗಿಸುತ್ತವೆ, ಟೆಂಪೊ ಇದ್ದಲ್ಲೇ ಇರುತ್ತದೆ. 3/2 ಕೊಟ್ಟರೆ ಅದೇ ರಿಮ್ ಅರ್ಧ ಸುತ್ತಿನಲ್ಲಿ ಮೂರು ಏಟು ಹಾಕುತ್ತದೆ, ಎರಡರ ಮೇಲೆ ಮೂರು. ತಬಲಾದವರು ಆಡ್ ಲಯ ಎಂದು ಒಂದೂವರೆ ಪಟ್ಟಿನಲ್ಲಿ ಬಾರಿಸುವುದು ಇದೇ ಲೆಕ್ಕ.

ಸರ್ಕಿಟ್ ಟ್ರ್ಯಾಕ್ಸ್‌ನಲ್ಲಿ ಸಿಂಕ್ ರೇಟ್ ಎಂಬ ಆಯ್ಕೆ ಇದೆ. ರಿಮ್ ಟ್ರ್ಯಾಕಿಗೆ ಎಂಟರ ಟ್ರಿಪ್ಲೆಟ್ (ಒಂದು ಬೀಟಿಗೆ ಮೂರು ಸ್ಟೆಪ್) ಕೊಟ್ಟು ಉದ್ದ 12 ಮಾಡಿದರೆ ಇದೇ ಫಲ.

ಐದರ ಲೆಕ್ಕಕ್ಕೆ ಇಂಥ ಸಿದ್ಧ ವೇಗ ಸಿಗುವುದು ಅಪರೂಪ. ಅಲ್ಲಿ ಮೈಕ್ರೊ ಟೈಮಿಂಗ್ ಕೆಲಸಕ್ಕೆ ಬರುತ್ತದೆ. ಎಲೆಕ್ಟ್ರಾನ್ ಯಂತ್ರಗಳಲ್ಲಿ ಒಂದು ಸ್ಟೆಪ್ಪನ್ನು 24 ಸಣ್ಣ ಪಾಲು ಮಾಡಿ, ಏಟನ್ನು ಹಿಂದೆ ಮುಂದೆ ಸರಿಸಬಹುದು. ಒಂದು ಪಾಲು ಎಂದರೆ 16 ಸ್ಟೆಪ್ಪಿನ ಸುತ್ತಿನ 1/384. ಮಾಮೂಲಿ 16 ಸ್ಟೆಪ್ಪಿನೊಳಗೆ ಐದು ಏಟು ಕೂರಿಸಲು ಹೀಗೆ ಮಾಡಿ: 1ನೇ ಸ್ಟೆಪ್ ಇದ್ದಲ್ಲೇ ಇರಲಿ. 4ನೆಯದನ್ನು 5 ಪಾಲು ತಡ ಮಾಡಿ. 7ನೆಯದನ್ನು 10 ಪಾಲು ತಡ. 11ನೆಯದನ್ನು 10 ಪಾಲು ಬೇಗ. 14ನೆಯದನ್ನು 5 ಪಾಲು ಬೇಗ. ಲೆಕ್ಕಕ್ಕೆ ನಿಜವಾದ ಸಂಖ್ಯೆ 4.8 ಮತ್ತು 9.6. 90 ಬಿಪಿಎಂನಲ್ಲಿ ವ್ಯತ್ಯಾಸ ಹೆಚ್ಚೆಂದರೆ 3 ಮಿಲಿಸೆಕೆಂಡ್ ಆಗುತ್ತದೆ, ಕಿವಿಗೆ ಸಿಗುವುದಿಲ್ಲ. ಮೂರು ಏಟಿಗಾದರೆ 1, 6 ಮತ್ತು 12ನೇ ಸ್ಟೆಪ್. 6ನ್ನು 8 ಪಾಲು ತಡ, 12ನ್ನು 8 ಪಾಲು ಬೇಗ. ಇದು ಕರಾರುವಾಕ್ಕಾಗಿ ಕೂರುತ್ತದೆ.

ಇದ್ಯಾವುದೂ ಇಲ್ಲದ ಯಂತ್ರವೇ? ಟೆಂಪೊಗೆ ಕೂಡುವ ಡಿಲೇ ಇದ್ದರೆ ಅದಕ್ಕೆ ಡಾಟೆಡ್ ಎಂಟರ ಅಳತೆ ಕೊಡಿ. ಅದು ಮೂರು ಸ್ಟೆಪ್ಪಿಗೆ ಒಂದು ಮರುದನಿ. ನಾಲ್ಕಕ್ಕೊಂದು ಏಟು ಹಾಕಿದ ಕ್ಲೇವ್ಸ್ ತನ್ನ ಮರುದನಿಯ ಜೊತೆಗೇ ನಾಲ್ಕು-ಮೂರರ ಆಟ ಆಡುತ್ತದೆ.

ಉದ್ದ ಬೇರೆ ಬೇರೆ ಇಡುವುದು

ಈಗ ಪಾಲಿಮೀಟರ್. ಇಲ್ಲಿ ಕೆಲಸ ಕಡಿಮೆ, ತೀರ್ಮಾನ ಜಾಸ್ತಿ. ಟ್ರ್ಯಾಕಿಗೊಂದು ಉದ್ದ ಕೊಟ್ಟರೆ ಮುಗಿಯಿತು. ಡಿಜಿಟ್ಯಾಕ್ಟ್, ಡ್ರಮ್‌ಬ್ರೂಟ್, ಬೀಟ್‌ಸ್ಟೆಪ್ ಪ್ರೊ, ರೋಲ್ಯಾಂಡ್ ಟಿಆರ್-8ಎಸ್ ಎಲ್ಲದರಲ್ಲೂ ಇದಕ್ಕೆ ದಾರಿ ಇದೆ. ಆದರೆ ಯಾವ ಉದ್ದ ಕೊಡಬೇಕು, ಅದರೊಳಗೆ ಒತ್ತು ಎಲ್ಲಿ ಬೀಳಬೇಕು?

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ಹರಿದಾಸ ವಿಜಯದಾಸರು ಸುಳಾದಿ ಎಂಬ ಹಾಡಿನ ಪ್ರಕಾರಕ್ಕೆ ಹೆಸರಾದವರು. ಸುಳಾದಿಯಲ್ಲಿ ಒಂದು ತಾಳವಾದ ಮೇಲೆ ಇನ್ನೊಂದು ತಾಳ ಬರುತ್ತದೆ, ಕೊನೆಗೆ ಜತೆ ಎಂಬ ಮುಕ್ತಾಯದ ಸಾಲು. ನಾವು ಆ ತಾಳಗಳನ್ನು ಒಂದರ ಮೇಲೊಂದು ಇಡಲಿದ್ದೇವೆ, ರೀತಿ ಬೇರೆ. ಆದರೆ ಆ ತಾಳಗಳ ಲೆಕ್ಕ ಸೀಕ್ವೆನ್ಸರಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ತಾಳಕ್ಕೂ ಒಂದು ಒಟ್ಟು ಸಂಖ್ಯೆ ಇದೆ, ಒಳಗೆ ಅಂಗಗಳ (ತಾಳದ ತುಂಡುಗಳ) ಹಂಚಿಕೆಯೂ ಇದೆ. ತಿಶ್ರ ಜಾತಿ ತ್ರಿಪುಟ 3+2+2, ಒಟ್ಟು 7. ಮಿಶ್ರ ಝಂಪೆ 7+1+2, ಒಟ್ಟು 10. ಖಂಡ ಅಟ್ಟ 5+5+2+2, ಒಟ್ಟು 14. ಒಟ್ಟು ಸಂಖ್ಯೆಯೇ ಟ್ರ್ಯಾಕಿನ ಉದ್ದ. ಅಂಗ ಶುರುವಾಗುವ ಸ್ಟೆಪ್ಪೇ ಒತ್ತು. ಅಟ್ಟ ತಾಳಕ್ಕೆ 1, 6, 11, 13. ಝಂಪೆಗೆ 1, 8, 9. ತ್ರಿಪುಟಕ್ಕೆ 1, 4, 6.

ಇದನ್ನು ಹೀಗೆ ಕೂರಿಸಿ. ಕಿಕ್ 16 ಸ್ಟೆಪ್, 1, 5, 9, 13. ಅದು ಅಲುಗಾಡಬಾರದು. ಸಿಂಥಿನ ಸಾಲಿಗೆ ಉದ್ದ 14, ಏಟು 1, 6, 11, 13. ಮೊದಲ ಸುತ್ತಿನಲ್ಲಿ ಕೂಡಿದ್ದು, ಆಮೇಲೆ ಪ್ರತಿ ಸುತ್ತಿಗೆ ಎರಡು ಸ್ಟೆಪ್ ಸರಿಯುತ್ತದೆ. ಮತ್ತೆ ಸಮಕ್ಕೆ ಬರುವುದು 112 ಸ್ಟೆಪ್ ಆದ ಮೇಲೆ, ಅಂದರೆ ಕಿಕ್ಕಿನ 7 ಸುತ್ತಿಗೆ. 100 ಬಿಪಿಎಂನಲ್ಲಿ ಸುಮಾರು 17 ಸೆಕೆಂಡ್. ಕೇಳುವವರಿಗೆ ಕಾಯುವ ತಾಳ್ಮೆ ಇರುವಷ್ಟೇ ಹೊತ್ತು.

ಈ ಹೊತ್ತಿನ ಲೆಕ್ಕವನ್ನು ಪ್ರತಿ ಸಲ ಹಾಕಿ. 16 ಮತ್ತು 12 ಆದರೆ 48 ಸ್ಟೆಪ್, 7.2 ಸೆಕೆಂಡ್. 16 ಮತ್ತು 15 ಆದರೆ 240 ಸ್ಟೆಪ್, 36 ಸೆಕೆಂಡ್. ಅದಕ್ಕೆ 7ರ ಇನ್ನೊಂದು ಸಾಲು ಸೇರಿಸಿದರೆ 1680 ಸ್ಟೆಪ್, 4 ನಿಮಿಷ 12 ಸೆಕೆಂಡ್. ಹಾಡೇ ಮುಗಿದುಹೋಗುತ್ತದೆ, ಸಮ ಬರುವುದಿಲ್ಲ. ಮೂರನೇ ಲಯ ಸೇರಿಸಬೇಡಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಎರಡು ಲಯ ಇದ್ದರೆ ಕಿವಿ ಎರಡನ್ನೂ ಹಿಂಬಾಲಿಸುತ್ತದೆ. ಮೂರಾದರೆ ಒಂದನ್ನೂ ಹಿಂಬಾಲಿಸುವುದಿಲ್ಲ. ಮೂರನೇ ಸಾಲು ಬೇಕೇ ಬೇಕು ಅನಿಸಿದರೆ, ಅದರ ಉದ್ದ ಮೊದಲಿನ ಎರಡರಲ್ಲಿ ಒಂದರ ಅರ್ಧವೋ ದುಪ್ಪಟ್ಟೋ ಇರಲಿ.

ಸಮಕ್ಕೆ ಎಳೆದು ತರುವುದು

ಲೆಕ್ಕದ ಸಮ ತಾನಾಗಿ ಬರುವವರೆಗೆ ಕಾಯಲೇಬೇಕು ಅಂತಿಲ್ಲ. ಡಿಜಿಟ್ಯಾಕ್ಟ್‌ನಲ್ಲಿ ಟ್ರ್ಯಾಕುಗಳ ಉದ್ದ ಬೇರೆ ಬೇರೆ ಇದ್ದಾಗ ಮಾಸ್ಟರ್ ಲೆಂತ್ ಎಂದೊಂದು ಇರುತ್ತದೆ. ಅದಕ್ಕೆ 64 ಕೊಟ್ಟರೆ ಪ್ರತಿ 64 ಸ್ಟೆಪ್ಪಿಗೆ ಎಲ್ಲ ಟ್ರ್ಯಾಕೂ ಮೊದಲಿನಿಂದ ಶುರು. ಅನಂತಕ್ಕೆ ಇಟ್ಟರೆ ತಮ್ಮ ಪಾಡಿಗೆ ತಿರುಗುತ್ತಲೇ ಇರುತ್ತವೆ. ನೀವು 14ರ ಸಾಲು ಹಾಕಿಯೂ ನಾಲ್ಕೇ ಸುತ್ತಿಗೆ ಎಲ್ಲವೂ ಕೂಡಿಬಿಡುತ್ತಿದ್ದರೆ ಮೊದಲು ಇದನ್ನು ನೋಡಿ.

ನಾಲ್ಕು ಸುತ್ತಿಗೊಮ್ಮೆ ಎಳೆದು ತರುವುದೇ ಹಾಡಿಗೆ ಚೆನ್ನ ಎಂದು ನನ್ನ ಅನಿಸಿಕೆ. 14ರ ಸಾಲು ನಾಲ್ಕು ಸಲ ತಿರುಗಿದರೆ 56, ಉಳಿಯುವುದು 8 ಸ್ಟೆಪ್. ಆ ಎಂಟರಲ್ಲಿ ಐದನೇ ಸುತ್ತು ಅರ್ಧಕ್ಕೇ ನಿಂತು ಸಮಕ್ಕೆ ಬೀಳುತ್ತದೆ. ಆ ಕಡಿತ ಒಂದು ಮುಕ್ತಾಯದ ಹಾಗೆ ಕೇಳುತ್ತದೆ. ಸಮದ ಮೊದಲ ಸ್ಟೆಪ್ಪಿಗೆ ಆಕ್ಸೆಂಟ್ (ಒತ್ತು) ಕೊಡಿ, ಬೇಕಿದ್ದರೆ ಒಂದು ಕಂಚಿನ ತಾಳದ ಸದ್ದೂ ಇರಲಿ.

ಸದ್ದು ಆರಿಸುವುದು

ಎರಡು ಲಯ ಎರಡಾಗಿ ಕೇಳಬೇಕಾದರೆ ಸದ್ದು ದೂರ ದೂರ ಇರಬೇಕು. ಒಂದು ದಪ್ಪ, ಇನ್ನೊಂದು ತೆಳು. ಎರಡೂ ಚಿಕ್ಕದಾಗಿ ಮುಗಿಯಬೇಕು. 12 ಸ್ಟೆಪ್ಪಿನ ಪ್ಯಾಟರ್ನಿನಲ್ಲಿ 4 ಮತ್ತು 5 ಪಕ್ಕ ಪಕ್ಕ ಇವೆ. ಕಿಕ್ಕಿನ ಬಾಲ ಉದ್ದ ಇದ್ದರೆ ರಿಮ್ ಅದರೊಳಗೆ ಮುಳುಗುತ್ತದೆ. ಬಾಲದ ಉದ್ದ ಹಿಡಿತದಲ್ಲಿಡುವ ಡಿಕೇ ನಾಬ್ ಇಳಿಸಿ. ರಿವರ್ಬನ್ನು (ಕೋಣೆಯ ಗುಂಗಿನಂಥ ಮೊಳಗು) ಕೊನೆಗೆ ಹಾಕಿ.

ಸ್ಯಾಂಪ್ಲರ್ ಇದ್ದವರು ಹಲಗೆ ರೆಕಾರ್ಡ್ ಮಾಡಿಕೊಳ್ಳಿ. ಬಾರಿಸುವವರನ್ನು ಕೇಳಿ, ಬೆಂಕಿಗೆ ಕಾಸಿ ಬಿಗಿ ಮಾಡಿದ ಹೊತ್ತಿನಲ್ಲೇ ರೆಕಾರ್ಡ್ ಮಾಡಿ. ದಪ್ಪ ಕೋಲಿನ ನಡುವಿನ ಏಟು ಒಂದು, ಸಣ್ಣ ಕಡ್ಡಿಯ ಅಂಚಿನ ಏಟು ಒಂದು, ಎರಡೇ ಸಾಕು. ಅಂಚಿನ ಏಟು ರಿಮ್ಮಿಗಿಂತ ಎಷ್ಟೋ ಚೆನ್ನಾಗಿ ಮೇಲೆ ಎದ್ದು ಕೇಳುತ್ತದೆ. ಅವರ ಕೈಯ ಸದ್ದನ್ನು ಹಾಡಿನಲ್ಲಿ ಹೊರಗೆ ಬಿಡುವುದಾದರೆ ಅವರ ಒಪ್ಪಿಗೆ ಪಡೆಯಿರಿ, ಹೆಸರು ಹಾಕಿ, ದುಡ್ಡು ಕೊಡಿ.

ಅನಲಾಗ್ ಸಿಂಥ್ ಇಟ್ಟುಕೊಂಡವರಿಗೆ ಒಂದು ಮಾತು. ನಮ್ಮ ಬೇಸಿಗೆಯಲ್ಲಿ ಆಸಿಲೇಟರಿನ ಶ್ರುತಿ ಸರಿಯುವುದುಂಟು. ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಶ್ರುತಿ ಮಾಡಿ. ಡಿಜಿಟಲ್ ಕ್ಲಾಕಿನ ಲಯಕ್ಕೆ ಈ ತೊಂದರೆ ಇಲ್ಲ. ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ಆಗಾಗ ಸೇವ್ ಒತ್ತುತ್ತಿರಿ.

ಎರಡು ಸಣ್ಣ ಪೆಟ್ಟಿಗೆ ಇದ್ದರೆ

ಟ್ರ್ಯಾಕಿಗೊಂದು ಉದ್ದ ಕೊಡುವ ಯಂತ್ರಕ್ಕೆ ದುಡ್ಡು ಜಾಸ್ತಿ ಬೇಕು. ಎರಡು ಕೊರ್ಗ್ ವೋಲ್ಕಾ ಇದ್ದರೂ ಕೆಲಸ ಆಗುತ್ತದೆ. ಆರು ಎಎ ಸೆಲ್ ಹಾಕಿದರೆ ಕರೆಂಟಿಲ್ಲದೆಯೂ ಓಡುತ್ತವೆ. ಒಂದರ ಸಿಂಕ್ ಔಟಿನಿಂದ ಇನ್ನೊಂದರ ಸಿಂಕ್ ಇನ್‌ಗೆ ವೈರ್ ಹಾಕಿ. ಎರಡನೆಯದರಲ್ಲಿ ಆಕ್ಟಿವ್ ಸ್ಟೆಪ್ ತೆರೆದು 13ರಿಂದ 16ರವರೆಗಿನ ಬಟನ್ ದೀಪ ಆರಿಸಿ. ಆರಿದ ಸ್ಟೆಪ್ಪುಗಳನ್ನು ಅದು ಹಾರಿಸಿಕೊಂಡು ಹೋಗುತ್ತದೆ. ಒಂದು 16ಕ್ಕೆ, ಇನ್ನೊಂದು 12ಕ್ಕೆ ತಿರುಗುತ್ತದೆ, ಮೂರು ಸುತ್ತಿಗೆ ಕೂಡುತ್ತವೆ. ಓಡುತ್ತಿರುವಾಗಲೇ ಇನ್ನೂ ಎರಡು ದೀಪ ಆರಿಸಿ 10 ಮಾಡಿದರೆ ಝಂಪೆಯ ಲೆಕ್ಕ ಸಿಗುತ್ತದೆ. ವೇದಿಕೆಯ ಮೇಲೆ ಇದಕ್ಕಿಂತ ಸರಾಗವಾಗಿ ಲಯ ಬದಲಾಯಿಸುವ ದಾರಿ ನನಗೆ ಕಂಡಿಲ್ಲ.

ಮಿಡಿ (ಸಂಗೀತ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿ) ವೈರಿನಲ್ಲಿ ಕೂಡಿಸುವುದಾದರೂ ಲೆಕ್ಕ ಒಂದೇ. ಮಿಡಿ ಕ್ಲಾಕ್ ಒಂದು ಬೀಟಿಗೆ 24 ಸಲ ಮಿಡಿಯುತ್ತದೆ. 24 ಎಂಬುದು 2, 3, 4, 6ರಿಂದ ಸರಿಯಾಗಿ ಭಾಗವಾಗುತ್ತದೆ, 5ರಿಂದ ಆಗುವುದಿಲ್ಲ. ಹಾಗಾಗಿ ಐದರ, ಏಳರ ಹಂಚಿಕೆಯನ್ನು ಎರಡು ಯಂತ್ರಗಳಿಗೆ ಒಡೆಯಬೇಡಿ, ಒಂದರೊಳಗೇ ಇಡಿ.

ಕೇಳುಗರ ಮುಂದೆ ಇಡುವಾಗ

ಎರಡೂ ಲಯವನ್ನು ಒಟ್ಟಿಗೆ ಶುರು ಮಾಡಬೇಡಿ. ನೆಲದ ಲಯ ಮೊದಲು ಎಂಟು ಸುತ್ತು ಒಂದೇ ಹೋಗಲಿ, ಕೇಳುವವರ ಕಾಲು ಅದಕ್ಕೆ ಹೊಂದಿಕೊಳ್ಳಲಿ. ಆಮೇಲೆ ಎರಡನೆಯದರ ಮ್ಯೂಟ್ ಅನ್ನು ಸಮದಲ್ಲೇ ತೆಗೆಯಿರಿ. ಸದ್ದು ಕಡಿಮೆ ಇರಲಿ, ನಿಧಾನಕ್ಕೆ ಏರಿಸಿ. ಎರಡೂ ಸಮ ಸಮ ಕೇಳುವ ಹೊತ್ತಿಗೆ ನೆಲದ ಕಿಕ್ಕನ್ನು ನಾಲ್ಕು ಸುತ್ತು ಮ್ಯೂಟ್ ಮಾಡಿ. ಕೇಳುವವರ ಕಾಲು ಆ ಮೇಲಿನ ಲಯಕ್ಕೆ ಹೊರಳುತ್ತದೆ. ಐದನೇ ಸುತ್ತಿನ ಮೊದಲ ಸ್ಟೆಪ್ಪಿಗೆ ಕಿಕ್ ವಾಪಸ್ ತನ್ನಿ. ಸೀಕ್ವೆನ್ಸರಿನಲ್ಲಿ ಮ್ಯೂಟನ್ನು ಮೊದಲೇ ಸಿದ್ಧ ಮಾಡಿ ಒಂದೇ ಸಲ ಬಿಡುವ ಆಯ್ಕೆ ಇದ್ದರೆ ಬಳಸಿ. ಇಲ್ಲದಿದ್ದರೆ ಬಾಯಲ್ಲಿ ತಕಧಿಮಿ ಎಣಿಸುತ್ತಾ ಕೈಯಿಂದಲೇ ಬಿಡಿ.